ನಗರದಾಚೆಯ ಸದ್ದಿಲ್ಲದ ಊರು ಎಷ್ಟು ದಿನ ಹಾಗೇ ಇರುತ್ತದೆ?

2025ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ನಗರೀಕರಣ ವರದಿ ಬಂತು. ಅದರಲ್ಲಿ ಜಾಸ್ತಿ ಸುದ್ದಿಯಾಗಿದ್ದು ಒಂದೇ ವಿಷಯ. ಜಗತ್ತಿನ ಅತಿ ದೊಡ್ಡ ನಗರ ಟೋಕಿಯೊ ಎಂದು ದಶಕಗಳಿಂದ ಓದಿಕೊಂಡು ಬಂದಿದ್ದೆವು. ಈ ಸಲ ಮೊದಲ ಸ್ಥಾನ ಜಕಾರ್ತಕ್ಕೆ ಹೋಯಿತು. ಅಲ್ಲಿ ಸುಮಾರು 4.2 ಕೋಟಿ ಜನ. ಢಾಕಾ ಎರಡನೆಯದು. ಟೋಕಿಯೊ ಸುಮಾರು 3.3 ಕೋಟಿ ಜನರೊಂದಿಗೆ ಮೂರನೇ ಸ್ಥಾನಕ್ಕೆ ಇಳಿಯಿತು.

ಅದೇ ವರದಿಯ ಇನ್ನೊಂದು ಅಂಕಿ ಇದಕ್ಕಿಂತ ಗೊಂದಲ ಹುಟ್ಟಿಸುವಂಥದ್ದು. ಜಗತ್ತಿನ 820 ಕೋಟಿ ಜನರಲ್ಲಿ ನಗರಗಳಲ್ಲಿ ಇರುವವರು ಶೇ 45 ಎಂದು ಅದು ಹೇಳುತ್ತದೆ. ಇದೇ ಸಂಸ್ಥೆಯ 2018ರ ವರದಿಯಲ್ಲಿ ನಗರವಾಸಿಗಳು ಶೇ 55 ಎಂದಿತ್ತು. ಹಾಗಾದರೆ ಏಳು ವರ್ಷದಲ್ಲಿ ಕೋಟಿಗಟ್ಟಲೆ ಜನ ನಗರ ಬಿಟ್ಟು ಹೊರಟರಾ? ಹಾಗಿದ್ದರೆ ನಗರಗಳು ದಿನೇ ದಿನೇ ಹಿಗ್ಗುತ್ತಿರುವುದು ಹೇಗೆ?

ಉತ್ತರ ಇರುವುದು ನಗರ ಮತ್ತು ಹಳ್ಳಿ ಎರಡರ ನಡುವಿನ ಜಾಗದಲ್ಲಿ. ದೊಡ್ಡ ನಗರದಿಂದ ಒಂದು ಗಂಟೆ ದೂರದ ಊರು. ಹೊಲಗಳ ನಡುವೆ ಮನೆಗಳು, ರಾತ್ರಿ ಒಂಬತ್ತಕ್ಕೆಲ್ಲ ಖಾಲಿಯಾಗುವ ಬೀದಿಗಳು. ಇಂಥ ಊರುಗಳನ್ನು ಇಷ್ಟು ದಿನ ಸರಿಯಾಗಿ ಎಣಿಸಿಯೇ ಇರಲಿಲ್ಲ.

ಬದಲಾಗಿದ್ದು ಅಳತೆಗೋಲು

ಯಾವುದು ನಗರ, ಯಾವುದು ಹಳ್ಳಿ ಎಂಬುದನ್ನು ಇಷ್ಟು ದಿನ ಆಯಾ ದೇಶಗಳೇ ಹೇಳುತ್ತಿದ್ದವು. ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಡೆನ್ಮಾರ್ಕ್‌ನಲ್ಲಿ 200 ಜನ ಒಟ್ಟಿಗೆ ಇದ್ದರೆ ಸಾಕು, ಅದು ನಗರ ಪ್ರದೇಶ. ಜಪಾನ್‌ನಲ್ಲಿ ಒಂದು ಊರು ನಗರ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 50 ಸಾವಿರ ಜನ ಬೇಕು. ಇಂಥ ಲೆಕ್ಕಗಳನ್ನೆಲ್ಲ ಕೂಡಿಸಿ ಬಂದ ಮೊತ್ತವೇ ಆ ಶೇ 55. ಒಂದು ಅಂದಾಜಿಗೆ ಅದು ಸರಿ. ಆದರೆ ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಬರುವುದಿಲ್ಲ.

2020ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಹೊಸ ವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಅದು ಭೂಮಿಯನ್ನು ಒಂದು ಚದರ ಕಿಲೋಮೀಟರಿನ ಚೌಕಗಳಾಗಿ ಭಾಗ ಮಾಡುತ್ತದೆ. ಚೌಕಕ್ಕೆ 1,500ಕ್ಕಿಂತ ಹೆಚ್ಚು ಜನ ಇದ್ದು, ಅಂಥ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಒಟ್ಟು 50 ಸಾವಿರ ಜನ ಆದರೆ ಅದು ನಗರ. ಚೌಕಕ್ಕೆ 300 ಜನ ಇದ್ದು, ಒಟ್ಟು 5 ಸಾವಿರ ದಾಟಿದರೆ ಅದು ಪಟ್ಟಣ. ಉಳಿದದ್ದು ಹಳ್ಳಿಗಾಡು. ನಗರಕ್ಕೆ ತಾಗಿಯೇ ಇರುವ, ಅಷ್ಟು ದಟ್ಟವಲ್ಲದ ಅಂಚಿನ ಬಡಾವಣೆಗಳೂ ಪಟ್ಟಣದ ಲೆಕ್ಕಕ್ಕೇ ಸೇರುತ್ತವೆ.

ಈ ಅಳತೆಯಲ್ಲಿ ನಗರಗಳಲ್ಲಿ ಶೇ 45, ಪಟ್ಟಣಗಳಲ್ಲಿ ಶೇ 36, ಹಳ್ಳಿಗಾಡಿನಲ್ಲಿ ಶೇ 19 ಜನ ಇದ್ದಾರೆ. ಟೋಕಿಯೊ ಇಳಿದು ಜಕಾರ್ತ ಏರಿದ್ದರಲ್ಲೂ ಈ ಹೊಸ ಗಡಿಗಳ ಪಾತ್ರ ದೊಡ್ಡದು. ಜನ ಮನೆ ಬದಲಾಯಿಸಿದ್ದಕ್ಕಿಂತ ಗೆರೆ ಬದಲಾಗಿದ್ದೇ ಜಾಸ್ತಿ.

ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಪಟ್ಟಣಗಳಲ್ಲಿ ಇದ್ದಾರೆ ಅನ್ನುವುದೇ ನನಗೆ ಈ ವರದಿಯ ದೊಡ್ಡ ಸುದ್ದಿ. ಇಷ್ಟು ಜನರನ್ನು ಒಂದು ದೇಶ ನಗರಕ್ಕೆ ಸೇರಿಸುತ್ತಿತ್ತು, ಇನ್ನೊಂದು ಹಳ್ಳಿಗೆ ಸೇರಿಸುತ್ತಿತ್ತು.

ಲೆಕ್ಕಕ್ಕೆ ಬಾರದ ಊರಿನ ಪಾಡು

ಹೆಸರಿನಲ್ಲಿ ಏನಿದೆ ಅನ್ನಿಸಬಹುದು. ತುಂಬಾ ಇದೆ. ಹಳ್ಳಿ ಎಂದು ಬರೆದರೆ ಒಂದು ಇಲಾಖೆ, ನಗರ ಎಂದು ಬರೆದರೆ ಇನ್ನೊಂದು ಇಲಾಖೆ. ಹಣ ಬರುವ ದಾರಿ ಬೇರೆ, ಕಟ್ಟಡ ಕಟ್ಟುವ ನಿಯಮ ಬೇರೆ, ತೆರಿಗೆ ಹಾಕುವ ಅಧಿಕಾರ ಬೇರೆ.

ಭಾರತದ ಉದಾಹರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇಲ್ಲಿನ ಜನಗಣತಿಯಲ್ಲಿ 'ಜನಗಣತಿ ಪಟ್ಟಣ' ಎಂಬ ಒಂದು ವರ್ಗ ಇದೆ. ಕನಿಷ್ಠ 5 ಸಾವಿರ ಜನ, ಚದರ ಕಿಲೋಮೀಟರಿಗೆ 400 ಜನ, ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿ ಇರಬೇಕು. ಲಕ್ಷಣವೆಲ್ಲ ಪಟ್ಟಣದ್ದು, ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದ್ದು. 2001ರಲ್ಲಿ ಇಂಥ ಊರುಗಳು 1,362 ಇದ್ದವು. 2011ರ ಹೊತ್ತಿಗೆ 3,894 ಆದವು. ಮನೆಗಳು ಪಟ್ಟಣದ ವೇಗದಲ್ಲಿ ಏಳುತ್ತವೆ. ಒಳಚರಂಡಿ, ಕಸ, ಬೀದಿಯ ಅಗಲ ಇವನ್ನೆಲ್ಲ ನೋಡಿಕೊಳ್ಳಬೇಕಾದ ಕಚೇರಿಗೆ ಅದಕ್ಕೆ ಬೇಕಾದ ಇಂಜಿನಿಯರುಗಳೂ ಇಲ್ಲ, ಹಣವೂ ಇಲ್ಲ. ಬೇರೆ ಬೇರೆ ದೇಶಗಳಲ್ಲೂ ನಗರದ ಅಂಚಿನ ಕತೆ ಹೀಗೇ ಇದೆ.

ಇದರ ಜೊತೆಗೆ ಇನ್ನೊಂದು ತೊಡಕು. ಊರಿನ ಭವಿಷ್ಯ ತೀರ್ಮಾನ ಆಗುವುದು ಹೆಚ್ಚಾಗಿ ಊರಿನ ಹೊರಗೆ. ಹೆದ್ದಾರಿ ಎಲ್ಲಿ ಹಾದುಹೋಗಬೇಕು, ರೈಲು ಎಲ್ಲಿ ನಿಲ್ಲಬೇಕು ಎಂದು ಹೇಳುವುದು ದೊಡ್ಡ ನಗರ ಅಥವಾ ಅದಕ್ಕೂ ಮೇಲಿನ ಸರ್ಕಾರ. ಆ ಒಂದು ತೀರ್ಮಾನದಿಂದ ಊರಿನ ಜಮೀನಿನ ಬೆಲೆ, ಸದ್ದು, ನೀರು ಮೂರೂ ಬದಲಾಗುತ್ತವೆ.

ಗೂಟ ನಗರದಲ್ಲಿ, ಹಗ್ಗ ಒಂದು ಗಂಟೆ

ಊರು ನಗರದಿಂದ ಎಷ್ಟು ದೂರ ಇರಬಹುದು? ಕಿಲೋಮೀಟರಿನಲ್ಲಿ ಯೋಚಿಸಿದರೆ ಇದು ಅರ್ಥ ಆಗುವುದಿಲ್ಲ, ಗಂಟೆಯಲ್ಲಿ ಯೋಚಿಸಬೇಕು.

ಜನ ದಿನಕ್ಕೆ ಓಡಾಟಕ್ಕೆಂದು ಕೊಡುವ ಸಮಯ ಸರಾಸರಿ ಹೆಚ್ಚುಕಡಿಮೆ ಒಂದೇ ಇರುತ್ತದೆ ಎಂಬುದನ್ನು 1970ರ ದಶಕದಲ್ಲಿ ಯಾಕೋವ್ ಜಹಾವಿ ಎಂಬ ಸಾರಿಗೆ ತಜ್ಞ ತೋರಿಸಿದರು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಅದನ್ನು ಇತಿಹಾಸಕ್ಕೆ ಹೊಂದಿಸಿ ನೋಡಿದರು. ದಿನಕ್ಕೆ ಸುಮಾರು ಒಂದು ಗಂಟೆ, ಅಂದರೆ ಹೋಗಲು ಅರ್ಧ, ಬರಲು ಅರ್ಧ. ನಡೆದು ಹೋಗುವ ಕಾಲದಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿಲೋಮೀಟರ್ ಆಗುತ್ತಿತ್ತು. ಕೋಟೆಯೊಳಗಿನ ಹಳೆಯ ನಗರಗಳು ಐದು ಕಿಲೋಮೀಟರ್ ಅಗಲವನ್ನು ಮೀರದೇ ಇದ್ದದ್ದಕ್ಕೆ ಅವರು ಕೊಟ್ಟ ಕಾರಣ ಇದೇ.

ಗೂಟಕ್ಕೆ ಕಟ್ಟಿದ ದನ ಹಗ್ಗ ಇರುವಷ್ಟು ದೂರ ಮೇಯುತ್ತದೆ. ಇಲ್ಲಿ ಹಗ್ಗ ಸಮಯ. ರೈಲು ಬಂದಾಗ, ಕಾರು ಬಂದಾಗ ಅದೇ ಸಮಯದಲ್ಲಿ ಜಾಸ್ತಿ ದೂರ ಹೋಗಬಹುದಾಯಿತು. ಉಳಿಸಿದ ಸಮಯವನ್ನು ಜನ ಮನೆಯಲ್ಲಿ ಕಳೆಯಲಿಲ್ಲ. ಇನ್ನಷ್ಟು ದೂರದಲ್ಲಿ, ಇನ್ನಷ್ಟು ಅಗಲದ ಜಾಗದಲ್ಲಿ ಮನೆ ಮಾಡಿದರು. ಹೊಸ ವರದಿಯೂ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತದೆ: 1975ರಿಂದ 2025ರವರೆಗೆ ಕಟ್ಟಡಗಳು ಆವರಿಸಿದ ನೆಲ ಜನಸಂಖ್ಯೆಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆದಿದೆ.

ಇದರ ಅತ್ಯಂತ ಸ್ಪಷ್ಟ ಚಿತ್ರ ಸಿಗುವುದು ಲಂಡನ್ ಬಳಿ. ಜಗತ್ತಿನ ಮೊದಲ ಸುರಂಗ ರೈಲನ್ನು 1863ರಲ್ಲಿ ಓಡಿಸಿದ ಮೆಟ್ರೊಪಾಲಿಟನ್ ರೈಲ್ವೆ ಮುಂದೆ ತನ್ನ ಹಳಿಯನ್ನು ನಗರದ ಹೊರಗಿನ ಹಳ್ಳಿಗಾಡಿಗೆ ಒಯ್ದಿತು. ಹಳಿಯ ಪಕ್ಕ ಮಿಕ್ಕ ಜಮೀನು ಕಂಪನಿಯ ಕೈಯಲ್ಲಿತ್ತು. 1915ರಿಂದ ಆ ಇಡೀ ಪ್ರದೇಶಕ್ಕೆ 'ಮೆಟ್ರೊಲ್ಯಾಂಡ್' ಎಂದು ಹೆಸರಿಟ್ಟು ಜಾಹೀರಾತು ಮಾಡಿತು. ಶುದ್ಧ ಗಾಳಿ, ಹಸಿರು, ಶಾಂತಿ, ಜೊತೆಗೆ ನಗರಕ್ಕೆ ನೇರ ರೈಲು. ಜನ ಬಂದರು, ಮನೆಗಳು ಸಾಲುಸಾಲಾಗಿ ಎದ್ದವು. ಪಿನ್ನರ್, ರೈಸ್ಲಿಪ್ ಥರದ ಹಳ್ಳಿಗಳು ಈಗ ಲಂಡನ್ ಮಹಾನಗರದ ಒಳಗೇ ಇವೆ. ಯಾವ ಶಾಂತಿಯನ್ನು ತೋರಿಸಿ ಮನೆ ಮಾರಿದರೋ, ಆ ಶಾಂತಿಯನ್ನು ಅದೇ ಮನೆಗಳು ಮುಗಿಸಿದವು. ಇದರಲ್ಲಿ ಯಾರೂ ಕೆಟ್ಟವರಲ್ಲ. ಒಂದೊಂದೇ ಮನೆಯಾಗಿ ನೋಡಿದರೆ ಪ್ರತಿ ಕುಟುಂಬದ ತೀರ್ಮಾನವೂ ಸರಿಯಾಗಿಯೇ ಇತ್ತು.

ರಸ್ತೆ ಅಗಲ ಮಾಡಿದರೆ ಓಡಾಟ ಹಗುರ ಆಗುವುದಿಲ್ಲವೇ? ಸ್ವಲ್ಪ ದಿನ ಆಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದನ್ನು ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದು 2011ರಲ್ಲಿ ತೋರಿಸಿದರು. ನಗರ ಪ್ರದೇಶದ ದೊಡ್ಡ ಹೆದ್ದಾರಿಗಳ ಲೇನ್‌ಗಳ ಒಟ್ಟು ಉದ್ದ ಶೇ 10ರಷ್ಟು ಹೆಚ್ಚಾದರೆ ಅಲ್ಲಿ ವಾಹನಗಳು ಓಡುವ ದೂರವೂ ಹತ್ತಿರ ಹತ್ತಿರ ಶೇ 10ರಷ್ಟೇ ಹೆಚ್ಚಾಗುತ್ತದೆ. ರಸ್ತೆ ಹಗುರಾದ ಕಾರಣಕ್ಕೇ ಹೊಸ ಬಡಾವಣೆಗಳು ಬರುತ್ತವೆ. ಅವು ಬಂದ ಮೇಲೆ ರಸ್ತೆ ಮತ್ತೆ ತುಂಬುತ್ತದೆ.

ಮನೆ ಅಗ್ಗ, ದಾರಿ ದುಬಾರಿ

ನಗರದಿಂದ ದೂರ ಹೋದಷ್ಟೂ ನೆಲ ಅಗ್ಗ. ಮಾರುಕಟ್ಟೆಯಿಂದ ಇರುವ ದೂರವೇ ಜಮೀನಿನ ಬೆಲೆಯನ್ನು ತೀರ್ಮಾನಿಸುತ್ತದೆ ಎಂದು ಜರ್ಮನಿಯ ಅರ್ಥಶಾಸ್ತ್ರಜ್ಞ ಯೊಹಾನ್ ಫಾನ್ ಟ್ಯೂನೆನ್ 1826ರಲ್ಲೇ ಬರೆದಿದ್ದರು. ಬೆಲೆ ಕಡಿಮೆ ಇರುವುದು ಜಾಗ ಕಳಪೆ ಅಂತಲ್ಲ. ಓಡಾಟದ ಖರ್ಚನ್ನು ಬೆಲೆಯಲ್ಲಿ ಮೊದಲೇ ಕಳೆದುಬಿಟ್ಟಿರುತ್ತಾರೆ.

ಮನೆ ಹುಡುಕುವಾಗ ನಮಗೆ ಕಾಣುವುದು ಮನೆಯ ಬೆಲೆ. ದಾರಿಯ ಬೆಲೆ ತಿಂಗಳುತಿಂಗಳೂ ಚೂರುಚೂರಾಗಿ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಎರಡನ್ನೂ ಕೂಡಿಸಿ ಲೆಕ್ಕ ಹಾಕುವ ಸೂಚ್ಯಂಕ ಮಾಡಿತು. ಮನೆ ಮತ್ತು ಓಡಾಟ ಎರಡೂ ಸೇರಿ ಆದಾಯದ ಶೇ 45 ಮೀರಬಾರದು ಎನ್ನುವುದು ಅದರ ಗೆರೆ. ಹಾಗೆ ಕೂಡಿಸಿದಾಗ ಅಗ್ಗ ಅನ್ನಿಸಿದ ಎಷ್ಟೋ ದೂರದ ಊರುಗಳು ಆ ಗೆರೆ ದಾಟುತ್ತವೆ.

ಸಮಯವನ್ನೂ ಹೀಗೆಯೇ ಕೂಡಿಸಬೇಕು. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ವರ್ಷಕ್ಕೆ 240 ದಿನ ಎಂದುಕೊಳ್ಳಿ. 480 ಗಂಟೆ ಆಯಿತು. ಎಂಟು ಗಂಟೆಯ ಕೆಲಸದ ದಿನಗಳ ಲೆಕ್ಕದಲ್ಲಿ 60 ದಿನ. ಬೇಗ ಹೊರಟು ತಡವಾಗಿ ಬರುವವರು ಊರಿನ ಶಾಂತಿಯನ್ನು ನೋಡುವುದೇ ರಾತ್ರಿ. ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಇಟ್ಟುಕೊಂಡು ನೋಡಿದಾಗ, ದಿನದ ಪ್ರಯಾಣ ಉದ್ದವಾದಷ್ಟೂ ಜನ ಬದುಕಿನ ಬಗ್ಗೆ ಹೇಳುವ ತೃಪ್ತಿ ಕಡಿಮೆ ಇತ್ತು. ಒಳ್ಳೆಯ ಮನೆ, ಕಡಿಮೆ ಬಾಡಿಗೆ ಇವು ಆ ಕೊರತೆಯನ್ನು ಪೂರ್ತಿ ತುಂಬಿಕೊಟ್ಟಿರಲಿಲ್ಲ.

ಆದರೆ ಈ ಲೆಕ್ಕವೆಲ್ಲ ದುಡಿಯಲು ಹೋಗುವವರದ್ದು. ಊರಲ್ಲೇ ಉಳಿಯುವವರ ಕಷ್ಟ ಬೇರೆ. ಗಾಡಿ ಓಡಿಸಲು ಬಾರದ ಅಜ್ಜಿ, ಹದಿಮೂರು ವರ್ಷದ ಹುಡುಗಿ, ಇರುವ ಒಂದೇ ಕಾರನ್ನು ಗಂಡ ತೆಗೆದುಕೊಂಡು ಹೋದ ಮೇಲೆ ಮನೆಯಲ್ಲಿ ಉಳಿಯುವ ತಾಯಿ. ಬಸ್ಸು ದಿನಕ್ಕೆ ನಾಲ್ಕೇ ಸಲ ಬರುವ ಊರಲ್ಲಿ ಇವರ ಜಗತ್ತು ತುಂಬಾ ಚಿಕ್ಕದಾಗಿಬಿಡುತ್ತದೆ. ಮನೆ ಮಾರುವ ಯಾವ ಜಾಹೀರಾತಿನಲ್ಲೂ ಇದು ಇರುವುದಿಲ್ಲ.

ಮನೆಯಿಂದಲೇ ಕೆಲಸ ಬಂದ ಮೇಲೆ

2020ರ ಕೊರೊನಾ ಕಾಲದಲ್ಲಿ ಹಗ್ಗ ಕಡಿದೇ ಹೋಯಿತು ಅನ್ನಿಸಿತ್ತು. ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಬಹುದು, ಹಾಗಾಗಿ ನಗರದ ಹಂಗೇ ಬೇಡ ಎಂಬ ಮಾತು ಜೋರಾಗಿತ್ತು. ಅರ್ಜುನ್ ರಮಣಿ ಮತ್ತು ನಿಕೊಲಸ್ ಬ್ಲೂಮ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ದೊಡ್ಡ ನಗರಗಳನ್ನು ನೋಡಿದಾಗ ಕಂಡದ್ದು ಬೇರೆ. ಜನ ನಗರದ ನಡುಭಾಗ ಬಿಟ್ಟು ಅದೇ ನಗರದ ಅಂಚಿಗೆ ಹೋಗಿದ್ದೇ ಜಾಸ್ತಿ. ಡೋನಟ್ ಎಂಬ ತಿಂಡಿಯ ಹಾಗೆ ನಡುವೆ ತೂತು, ಸುತ್ತ ದಪ್ಪ. ಅದಕ್ಕೇ ಇದನ್ನು ಅವರು 'ಡೋನಟ್ ಪರಿಣಾಮ' ಎಂದರು.

ಯಾಕೆಂದರೆ ಹೆಚ್ಚಿನವರಿಗೆ ಸಿಕ್ಕಿದ್ದು ಓಡಾಟದಿಂದ ವಾರಕ್ಕೆ ಎರಡು ಮೂರು ದಿನದ ಬಿಡುವು, ಪೂರ್ತಿ ಬಿಡುಗಡೆ ಅಲ್ಲ. ವಾರಕ್ಕೆ ಎರಡೇ ದಿನ ಹೋಗುವುದಾದರೆ ಒಂದು ಗಂಟೆಯ ಬದಲು ಎರಡು ಗಂಟೆಯ ದಾರಿಯನ್ನೂ ಜನ ಸಹಿಸುತ್ತಾರೆ. ಹೀಗೆ ಇನ್ನೂ ದೂರದ ಊರುಗಳು ನಗರದ ಹಿಡಿತಕ್ಕೆ ಬಂದವು. ಈಗ ಕಂಪನಿಗಳು ಕಚೇರಿಗೆ ವಾಪಸ್ ಬನ್ನಿ ಎಂದು ಕರೆಯುವಾಗ ಮೊದಲ ಪೆಟ್ಟು ಬೀಳುವುದು ಇಂಥ ಊರುಗಳಲ್ಲಿ ಸಾಲ ಮಾಡಿ ಮನೆ ತೆಗೆದುಕೊಂಡವರಿಗೇ.

ಶಾಂತಿಗೂ ಖರ್ಚಿದೆ

ಸದ್ದಿನ ಲೆಕ್ಕ ಸ್ವಲ್ಪ ವಿಚಿತ್ರ. ವಾಹನಗಳ ಸಂಖ್ಯೆ ಎರಡು ಪಟ್ಟಾದರೆ ಸದ್ದು ಸುಮಾರು 3 ಡೆಸಿಬೆಲ್ ಏರುತ್ತದೆ, ಹತ್ತು ಪಟ್ಟಾದರೆ 10 ಡೆಸಿಬೆಲ್. ದಿನಕ್ಕೆ ನೂರು ಗಾಡಿ ಹೋಗುವ ರಸ್ತೆಯಲ್ಲಿ ಇನ್ನೊಂದು ನೂರು ಸೇರಿದರೂ ಅದೇ 3. ಹತ್ತು ಸಾವಿರ ಗಾಡಿಯ ರಸ್ತೆಗೆ ಇನ್ನೂ ಹತ್ತು ಸಾವಿರ ಸೇರಿದರೂ ಅದೇ 3. ಅಂದರೆ ಸದ್ದಿಲ್ಲದ ಊರು ತನ್ನ ಶಾಂತಿಯ ದೊಡ್ಡ ಪಾಲನ್ನು ಕಳೆದುಕೊಳ್ಳುವುದು ಮೊದಲ ಕೆಲವು ನೂರು ಗಾಡಿಗಳಿಗೇ. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ 2018ರಲ್ಲಿ ಕೊಟ್ಟ ಸಲಹೆ ಪ್ರಕಾರ ರಸ್ತೆ ವಾಹನಗಳ ಸರಾಸರಿ ಸದ್ದು ದಿನಪೂರ್ತಿ ಲೆಕ್ಕದಲ್ಲಿ 53, ರಾತ್ರಿ 45 ಡೆಸಿಬೆಲ್‌ಗಿಂತ ಕೆಳಗೆ ಇರಬೇಕು. ಅದಕ್ಕಿಂತ ಮೇಲೆ ಹೋದರೆ ನಿದ್ದೆಗೂ ಹೃದಯಕ್ಕೂ ಕೆಟ್ಟದ್ದು.

ಹಾಗಾಗಿ ಶಾಂತಿ ಬೇಕೆಂದರೆ ಮನೆಗಳು ದೂರದೂರ ಇರಬೇಕು, ಜನ ಕಡಿಮೆ ಇರಬೇಕು ಎಂದು ಅನ್ನಿಸುತ್ತದೆ. ಅದಕ್ಕೆ ಇನ್ನೊಂದು ಮುಖ ಇದೆ. ನೂರು ಮನೆಗಳನ್ನು ಬೀದಿಯ ಎರಡೂ ಕಡೆ ಕಟ್ಟುವುದಾದರೆ, ಒಂದೊಂದು ಸೈಟಿನ ಮುಂಭಾಗ 12 ಮೀಟರ್ ಇದ್ದಾಗ ಬೀದಿಯ ಉದ್ದ 600 ಮೀಟರ್. ಮುಂಭಾಗ 50 ಮೀಟರ್ ಇದ್ದರೆ ಎರಡೂವರೆ ಕಿಲೋಮೀಟರ್. ನೀರಿನ ಪೈಪು, ಚರಂಡಿ, ಡಾಂಬರು, ದೀಪದ ಕಂಬ ಎಲ್ಲವೂ ನಾಲ್ಕು ಪಟ್ಟು. ತೆರಿಗೆ ಕಟ್ಟುವ ಮನೆ ಮಾತ್ರ ಅಷ್ಟೇ ನೂರು. ಹೊಸ ಬಡಾವಣೆ ಆದಾಗ ಪೈಪು ಹಾಕುವುದು ಕಟ್ಟಿದವರ ಖರ್ಚು, ಎಲ್ಲ ಚೆನ್ನಾಗಿ ಕಾಣುತ್ತದೆ. ಮೂವತ್ತು ವರ್ಷದ ಮೇಲೆ ಅದನ್ನು ಬದಲಾಯಿಸುವ ಹೊತ್ತಿಗೆ ಆ ಖರ್ಚು ಊರಿನ ತಲೆಯ ಮೇಲೆ ಬೀಳುತ್ತದೆ.

ಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್. ಅಮೆರಿಕದಲ್ಲಿ ಇವತ್ತಿಗೂ ಐದರಲ್ಲಿ ಒಂದು ಮನೆಗೆ ಇದೇ ಗತಿ. ಮನೆಗಳು ವಿರಳವಾಗಿದ್ದಾಗ ಮಣ್ಣೇ ಕೊಳೆಯನ್ನು ಸೋಸಿಬಿಡುತ್ತದೆ. ಮನೆಗಳು ಒತ್ತೊತ್ತಾಗಿ, ಮನೆಗೊಂದು ಕೊಳವೆಬಾವಿಯೂ ಆದಾಗ ಒಬ್ಬರ ಟ್ಯಾಂಕಿನ ನೈಟ್ರೇಟ್ ಇನ್ನೊಬ್ಬರ ಕುಡಿಯುವ ನೀರಿಗೆ ಇಳಿಯುತ್ತದೆ. ಮಳೆನೀರಿನದ್ದೂ ಇಂಥದ್ದೇ ಕತೆ. ಒಂದು ಹಳ್ಳದ ಸುತ್ತಲಿನ ನೆಲದಲ್ಲಿ ಸುಮಾರು ಶೇ 10 ಭಾಗ ಕಾಂಕ್ರೀಟು, ಡಾಂಬರು, ಸೂರು ಆಗುವ ಹೊತ್ತಿಗೇ ಹಳ್ಳದ ಜೀವಿಗಳು ಕಡಿಮೆಯಾಗತೊಡಗುತ್ತವೆ ಎಂದು ನೀರಿನ ಅಧ್ಯಯನಗಳು ಹೇಳುತ್ತವೆ. ಶೇ 10 ಅಂದರೆ ಕಣ್ಣಿಗೆ ಇನ್ನೂ ಪೂರ್ತಿ ಹಸಿರಾಗಿಯೇ ಕಾಣುವ ಊರು.

ಮತ್ತೆ ಆಂಬುಲೆನ್ಸ್. ಹೃದಯ ನಿಂತವರಿಗೆ ಎದೆ ಒತ್ತುವುದು, ವಿದ್ಯುತ್ ಆಘಾತ ಕೊಡುವುದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಇಪ್ಪತ್ತು ನಿಮಿಷ ದೂರದ ಆಸ್ಪತ್ರೆ ಎಂದರೆ ಏನು ಎಂಬುದು ಇದರಿಂದ ಗೊತ್ತಾಗುತ್ತದೆ. ದೂರದ ಊರುಗಳಲ್ಲಿ ಎದೆ ಒತ್ತುವುದನ್ನು ನೆರೆಹೊರೆಯವರಿಗೆ ಕಲಿಸುವುದು, ಆಘಾತ ಕೊಡುವ ಪುಟ್ಟ ಯಂತ್ರವನ್ನು ಊರ ನಡುವೆ ಇಡುವುದು ತುಂಬಾ ಮುಖ್ಯ ಆಗುವುದು ಇದಕ್ಕೇ.

ಹುಂಜ ಕೂಗಿದರೆ ತಪ್ಪಾ?

ಊರಲ್ಲಿ ಮೊದಲಿನಿಂದ ಇದ್ದವರು, ಹೊಸದಾಗಿ ಬಂದವರು, ಇನ್ನು ಬರಬೇಕಾದವರು. ಮೂರೂ ಗುಂಪಿಗೆ ಊರು ಬೇಕು, ಆದರೆ ಬೇರೆ ಬೇರೆ ಕಾರಣಕ್ಕೆ.

ಫ್ರಾನ್ಸಿನ ಓಲೆರಾನ್ ದ್ವೀಪದಲ್ಲಿ ಮೊರೀಸ್ ಎಂಬ ಹುಂಜದ ಮೇಲೆ ಕೇಸು ಬಿದ್ದಿತ್ತು. ಪಕ್ಕದಲ್ಲಿ ರಜೆಗೆಂದು ಮನೆ ಇಟ್ಟುಕೊಂಡಿದ್ದವರಿಗೆ ಬೆಳಗಿನ ಅದರ ಕೂಗು ಸಹಿಸಲು ಆಗಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಹುಂಜದ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಗೇ ನಿಲ್ಲದೆ, 2021ರ ಜನವರಿಯಲ್ಲಿ ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳೂ ಪರಂಪರೆಯ ಭಾಗ ಎಂದು ಒಪ್ಪುವ ಕಾಯ್ದೆಯನ್ನೇ ಫ್ರಾನ್ಸ್ ತಂದಿತು. ಅಮೆರಿಕದ 50 ರಾಜ್ಯಗಳಲ್ಲೂ ಬೇಸಾಯವನ್ನು ಇಂಥ ದೂರುಗಳಿಂದ ಕಾಪಾಡುವ ಕಾಯ್ದೆಗಳಿವೆ.

ಹೊಸಬರಿಗೆ ಶಾಂತಿ ಅಂದರೆ ಸದ್ದಿಲ್ಲದಿರುವುದು. ರೈತನಿಗೆ ಅದು ಕೆಲಸದ ಜಾಗ. ಅಲ್ಲಿ ಟ್ರ್ಯಾಕ್ಟರ್ ಓಡುತ್ತದೆ, ಗೊಬ್ಬರ ನಾರುತ್ತದೆ, ಸುಗ್ಗಿಯಲ್ಲಿ ರಾತ್ರಿಯೂ ಕೆಲಸ ನಡೆಯುತ್ತದೆ. ಹೊಸಬರ ದೂರಿನಿಂದ ಬೇಸಾಯ ಕಷ್ಟ ಆದರೆ, ಪಕ್ಕದ ಜಮೀನಿಗೆ ಒಳ್ಳೆಯ ಬೆಲೆ ಬಂದರೆ, ರೈತ ಮಾರುತ್ತಾನೆ. ಯಾವ ಹೊಲ ನೋಡಿ ಮನೆ ಕೊಂಡಿದ್ದರೋ ಆ ಹೊಲದಲ್ಲೇ ಮುಂದಿನ ಬಡಾವಣೆ ಏಳುತ್ತದೆ. ಇನ್ನು ಮುಂದೆ ಯಾರೂ ಬರುವುದು ಬೇಡ ಎಂದು ಹೇಳುವವರು ಹೆಚ್ಚಾಗಿ ನಿನ್ನೆ ಬಂದವರು. ಅವರ ಭಯ ನಿಜವಾದದ್ದೇ. ಆದರೆ ಬಾಗಿಲು ಹಾಕಿದರೆ ಇರುವ ಮನೆಗಳ ಬೆಲೆ ಏರುತ್ತದೆ, ಊರಿನವರ ಮಕ್ಕಳಿಗೇ ಅಲ್ಲಿ ಮನೆ ಸಿಗದ ಹಾಗೆ ಆಗುತ್ತದೆ.

ಬೇಲಿ ಹಾಕಿ ನೋಡಿದವರು

ನಗರದ ಸುತ್ತ ಹೊಸ ಬಡಾವಣೆ ಕಟ್ಟದೆ ಹೊಲ, ಕಾಡನ್ನು ಹಾಗೇ ಉಳಿಸುವ ಹಸಿರು ಪಟ್ಟಿಯ ಆಲೋಚನೆ ಇಲ್ಲಿಂದಲೇ ಹುಟ್ಟಿದ್ದು. ಲಂಡನ್ ಸುತ್ತ ಅದಕ್ಕೆ 1938ರಲ್ಲಿ ಕಾಯ್ದೆ ಬಂತು, 1947ರ ಯೋಜನಾ ಕಾಯ್ದೆಯಿಂದ ಬಲ ಬಂತು. ಮೆಟ್ರೊಲ್ಯಾಂಡಿನ ಹಳಿ ಹೋದ ದಾರಿಯಲ್ಲೇ ಇದರ ಪರಿಣಾಮ ಕಾಣುತ್ತದೆ. ಪಿನ್ನರ್ ಲಂಡನ್ನಿನಲ್ಲಿ ಕರಗಿತು. ಅದೇ ಹಳಿಯ ಮೇಲೆ ಇನ್ನೂ ಮುಂದೆ ಇರುವ ಅಮರ್‌ಶಮ್ ಸುತ್ತ ಹೊಲ, ಕಾಡು ಇಟ್ಟುಕೊಂಡು ಇವತ್ತಿಗೂ ಬೇರೆಯೇ ಪಟ್ಟಣವಾಗಿ ಉಳಿದಿದೆ. ಆದರೆ ಪಟ್ಟಿಯೊಳಗಿನ ಊರುಗಳಲ್ಲಿ ಮನೆ ಕೊಳ್ಳುವುದು ಸಾಮಾನ್ಯರಿಗೆ ಕಷ್ಟ. ಅವರು ಪಟ್ಟಿಯನ್ನೇ ಹಾರಿ ಇನ್ನೂ ಆಚೆಗೆ ಹೋದರು. ದಿನಾ ಆ ಹಸಿರನ್ನು ದಾಟಿ ಕೆಲಸಕ್ಕೆ ಬರುತ್ತಾರೆ.

ದಕ್ಷಿಣ ಕೊರಿಯ 1971ರಲ್ಲಿ ಸೋಲ್ ನಗರದ ಸುತ್ತ ಬಿಗಿಯಾದ ಪಟ್ಟಿ ಎಳೆಯಿತು. ಒಳಗಿನ ಜಮೀನಿನವರು ತಮ್ಮ ನೆಲದಲ್ಲಿ ಏನೂ ಕಟ್ಟುವ ಹಾಗಿರಲಿಲ್ಲ, ಅದಕ್ಕೆ ಪರಿಹಾರವೂ ಇರಲಿಲ್ಲ. ಹೀಗೆ ಪರಿಹಾರ ಕೊಡದೇ ಇರುವುದು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು 1998ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು. ಆಮೇಲೆ ಪಟ್ಟಿಯನ್ನು ಅಲ್ಲಲ್ಲಿ ಸಡಿಲಿಸಿದರು. ನಗರದವರಿಗೆ ಬೇಕಾದ ಹಸಿರಿಗೆ ಹಳ್ಳಿಯವರು ಒಬ್ಬರೇ ಬೆಲೆ ಕೊಡಬೇಕು ಎನ್ನುವ ವ್ಯವಸ್ಥೆ ಬಹಳ ದಿನ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ.

ಅಮೆರಿಕದ ಆರೆಗಾನ್ ರಾಜ್ಯ 1973ರಲ್ಲಿ ಬೇರೆ ದಾರಿ ಹಿಡಿಯಿತು. ಪ್ರತಿ ನಗರವೂ ತನ್ನ ಬೆಳವಣಿಗೆಗೆ ಒಂದು ಗಡಿ ಹಾಕಿಕೊಳ್ಳಬೇಕು, ಆದರೆ ಗಡಿಯೊಳಗೆ ಮುಂದಿನ 20 ವರ್ಷಕ್ಕೆ ಸಾಕಾಗುವಷ್ಟು ಜಾಗ ಇರಬೇಕು. ಗಡಿ ಸರಿಯಬಹುದು, ಲೆಕ್ಕ ಕೊಟ್ಟು ಸರಿಯಬೇಕು.

ಏರಿದ ಬೆಲೆ ಯಾರ ಜೇಬಿಗೆ?

ಈ ಚರ್ಚೆಗಳಲ್ಲಿ ಕಟ್ಟಬೇಕಾ, ಬೇಡವಾ ಎನ್ನುವುದರ ಬಗ್ಗೆಯೇ ಜಾಸ್ತಿ ಜಗಳ. ರಸ್ತೆ ಬಂದಾಗ ಏರುವ ಜಮೀನಿನ ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಲೆಕ್ಕದಲ್ಲಿ ಊರಿನ ಭವಿಷ್ಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಬೆಲೆ ಏರಿದ್ದು ರಸ್ತೆಯಿಂದ, ರಸ್ತೆ ಆದದ್ದು ಎಲ್ಲರ ತೆರಿಗೆಯಿಂದ. ಲಾಭ ಮಾತ್ರ ಮೊದಲೇ ಜಮೀನು ಹಿಡಿದಿಟ್ಟವರಿಗೆ. ಊರಿಗೆ ಉಳಿಯುವುದು ಪೈಪು, ಚರಂಡಿಯ ಖರ್ಚು.

ಎಬನೀಜರ್ ಹೋವರ್ಡ್ ಎಂಬ ಇಂಗ್ಲಿಷ್ ಶೀಘ್ರಲಿಪಿಕಾರ 1898ರಲ್ಲೇ ಈ ಗಂಟನ್ನು ಹಿಡಿದಿದ್ದರು. ಅವರು ಹೇಳಿದ ಉದ್ಯಾನ ನಗರದಲ್ಲಿ 6 ಸಾವಿರ ಎಕರೆ ನೆಲ, ಅದರಲ್ಲಿ ಸಾವಿರ ಎಕರೆಯಲ್ಲಿ ಮಾತ್ರ ಮನೆ, ಕಾರ್ಖಾನೆ, ಅಂಗಡಿ. ಉಳಿದ 5 ಸಾವಿರ ಎಕರೆ ಬೇಸಾಯಕ್ಕೆ. ಜನ ಸುಮಾರು 32 ಸಾವಿರ. ಹಸಿರಿಗಿಂತ ಮುಖ್ಯವಾದದ್ದು ನೆಲದ ಒಡೆತನ. ಇಡೀ ನೆಲ ಊರಿನ ಪರವಾಗಿ ಒಂದು ಟ್ರಸ್ಟಿನ ಕೈಯಲ್ಲಿ ಇರಬೇಕು, ಬಾಡಿಗೆ ಏರಿದ ಹಾಗೆ ಆ ಹಣ ಊರಿಗೇ ಬರಬೇಕು ಎಂದರು. ಕೆಲಸವೂ ಊರಲ್ಲೇ ಇರಬೇಕು, ಆಗ ದಿನಾ ನಗರಕ್ಕೆ ಓಡುವುದು ತಪ್ಪುತ್ತದೆ.

1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಶುರುವಾಯಿತು. ಹೋವರ್ಡ್ ಬಯಸಿದ್ದೆಲ್ಲ ಆಗಲಿಲ್ಲ. ಹಣ ಹಾಕಿದವರು ಲಾಭ ಕೇಳಿದರು, ಬಡ ಕೂಲಿಕಾರರಿಗೆ ಮನೆಗಳು ಸುಲಭಕ್ಕೆ ಎಟುಕಲಿಲ್ಲ. 1960ರ ಹೊತ್ತಿಗೆ ಹೊರಗಿನ ಒಂದು ಕಂಪನಿ ಷೇರು ಕೊಂಡು ಊರಿನ ನೆಲವನ್ನೇ ಹಿಡಿತಕ್ಕೆ ತೆಗೆದುಕೊಂಡಿತು. ಜನ ಸುಮ್ನೆ ಕೂರಲಿಲ್ಲ. 1962ರಲ್ಲಿ ಬ್ರಿಟನ್ ಸಂಸತ್ತು ಕಾಯ್ದೆ ಮಾಡಿ ಅದನ್ನು ಬಿಡಿಸಿತು. 1995ರಿಂದ ಆ ಆಸ್ತಿ ಊರಿನ ಒಂದು ಪ್ರತಿಷ್ಠಾನದ ಬಳಿ ಇದೆ, ಅದರಿಂದ ಬರುವ ಬಾಡಿಗೆ ಊರಿನ ಕೆಲಸಕ್ಕೇ ಹೋಗುತ್ತದೆ. ಈಗ ಅಲ್ಲಿ ಸುಮಾರು 33 ಸಾವಿರ ಜನ. ವಿಶ್ವಸಂಸ್ಥೆಯ ಹೊಸ ಅಳತೆಯಲ್ಲಿ 50 ಸಾವಿರದ ಕೆಳಗೆ, ಅಂದರೆ ಇನ್ನೂ ಪಟ್ಟಣ. ಲಂಡನ್ನಿಗೆ ರೈಲಿದೆ, ದಿನಾ ಹೋಗಿಬರುವವರೂ ಇದ್ದಾರೆ. ಆದರೂ ನೂರಿಪ್ಪತ್ತು ವರ್ಷದಲ್ಲಿ ಅದು ನಗರದೊಳಗೆ ಕರಗಿಲ್ಲ.

ಎಲ್ಲ ಊರಿಗೂ ಇಂಥ ಟ್ರಸ್ಟು ಮಾಡಲು ಆಗುವುದಿಲ್ಲ. ನೆಲ ಈಗಾಗಲೇ ನೂರಾರು ಜನರ ಹೆಸರಿನಲ್ಲಿ ಇರುತ್ತದೆ. ಆದರೆ ಏರಿದ ಬೆಲೆಯ ಒಂದು ಪಾಲನ್ನು ಶುಲ್ಕವಾಗಿ ತೆಗೆದುಕೊಳ್ಳಬಹುದು. ಕೆರೆ, ಹಳ್ಳ, ತೋಪು, ಬಸ್ ದಾರಿ ಇವಕ್ಕೆ ಜಾಗವನ್ನು ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲೇ ನಕ್ಷೆಯಲ್ಲಿ ಗುರುತು ಮಾಡಬಹುದು. ಇದಕ್ಕೆಲ್ಲ ಊರಿಗೆ ಅಧಿಕಾರ ಬೇಕು, ಅಧಿಕಾರ ಬರಬೇಕಾದರೆ ಕಾಗದದಲ್ಲಿ ಅದು ಪಟ್ಟಣ ಆಗಿರಬೇಕು. ಪಟ್ಟಣ ಆದರೆ ತೆರಿಗೆ ಜಾಸ್ತಿ ಆಗುತ್ತದೆ, ಹಳ್ಳಿಗೆ ಸಿಗುವ ನೆರವು ತಪ್ಪುತ್ತದೆ ಎಂದು ಜನ ಹೆದರುವುದೂ ಉಂಟು. ಆ ಹೆದರಿಕೆಗೆ ಕಾರಣವಿದೆ. ಹೆಸರು ಬದಲಾದ ಕೂಡಲೇ ತೆರಿಗೆ ಬರುತ್ತದೆ, ಚರಂಡಿ ಬರಲು ಹತ್ತು ವರ್ಷ ಆಗಬಹುದು. ನೆರವನ್ನು ಒಂದೇ ಏಟಿಗೆ ನಿಲ್ಲಿಸದೆ ಕೆಲವು ವರ್ಷ ಮುಂದುವರಿಸಿದರೆ ಈ ಅಳುಕು ಕಡಿಮೆ ಆಗುತ್ತದೆ.

ಎಲ್ಲರಿಗೂ ಒಟ್ಟಿಗೇ ವಯಸ್ಸಾದಾಗ

ಬೆಳೆಯುವ ಭಯದಲ್ಲಿ ನಾವು ಇದರ ಉಲ್ಟಾ ಅಪಾಯವನ್ನು ಮರೆಯುತ್ತೇವೆ. ಟೋಕಿಯೊದ ಪಶ್ಚಿಮಕ್ಕೆ ಬೆಟ್ಟಗಳ ನಡುವೆ ತಾಮಾ ನ್ಯೂ ಟೌನ್ ಎಂಬ ವಸತಿ ಪಟ್ಟಣ ಇದೆ. ಮೊದಲ ಕುಟುಂಬಗಳು ಬಂದದ್ದು 1971ರಲ್ಲಿ. ಬಂದವರೆಲ್ಲ ಚಿಕ್ಕ ಮಕ್ಕಳಿದ್ದ ಯುವ ದಂಪತಿಗಳು. ಗಂಡಸರು ಬೆಳಿಗ್ಗೆ ರೈಲು ಹತ್ತಿ ಟೋಕಿಯೊಗೆ ಹೋಗುತ್ತಿದ್ದರು. ಮಕ್ಕಳು ದೊಡ್ಡವರಾಗಿ ಊರು ಬಿಟ್ಟರು. ಉಳಿದವರಿಗೆ ಎಲ್ಲರಿಗೂ ಒಟ್ಟಿಗೇ ವಯಸ್ಸಾಯಿತು. ಶಾಲೆಗಳು ಮುಚ್ಚಿದವು, ಅಂಗಡಿಗಳು ಖಾಲಿಯಾದವು. ಲಿಫ್ಟ್ ಇಲ್ಲದ ಐದಂತಸ್ತಿನ ಕಟ್ಟಡಗಳಲ್ಲಿ ಮೇಲಿನ ಮನೆಯವರು ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. ಊರು ತುಂಬಾ ಶಾಂತವಾಗಿತ್ತು.

ಅಲ್ಲಿನ ಸುವಾ ಎಂಬ ಬಡಾವಣೆಯವರು ವರ್ಷಗಟ್ಟಲೆ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. 640 ಮನೆಗಳಿದ್ದ ಹಳೆಯ ಕಟ್ಟಡಗಳನ್ನು ಕೆಡವಿ ಅದೇ ಜಾಗದಲ್ಲಿ 1,249 ಮನೆ ಕಟ್ಟಿಸಿದರು. ಹೆಚ್ಚುವರಿ ಮನೆಗಳನ್ನು ಮಾರಿದ ಹಣ ಕಟ್ಟುವ ಖರ್ಚಿಗೆ ಆಯಿತು. 2013ರಲ್ಲಿ ಕೆಲಸ ಮುಗಿದಾಗ ಹಳಬರು ಲಿಫ್ಟ್ ಇರುವ ಹೊಸ ಮನೆಗಳಿಗೆ ಮರಳಿದರು. ಮಿಕ್ಕ ಮನೆಗಳಿಗೆ ಚಿಕ್ಕ ಮಕ್ಕಳಿರುವ ಕುಟುಂಬಗಳು ಬಂದವು.